ಎಸ್‌ಡಿಆರ್ ರೇಡಿಯೋದಲ್ಲಿ ಎಲ್ಲವೂ ಕೇಳಿಸುತ್ತೆ, ಆದರೆ ನಮ್ಮ ಮಾತು ಯಾಕೆ ಹೋಗುತ್ತಿಲ್ಲ?

ನೆಟ್‌ವರ್ಕ್ ಹೋದರೂ ಚಿಂತೆಯಿಲ್ಲ, ಈ ಪುಟ್ಟ ಯುಎಸ್‌ಬಿ ಡಾಂಗಲ್ ಅನ್ನು ಮೊಬೈಲ್‌ಗೆ ಸಿಕ್ಕಿಸಿದರೆ ಸಾಕು, ಜಗತ್ತಿನ ಯಾರ ಜೊತೆಗಾದರೂ ರೇಡಿಯೋದಲ್ಲಿ ಮಾತಾಡಬಹುದು ಎನ್ನುವ ಧಾಟಿಯ ಮೆಸೇಜ್ ನಿಮ್ಮ ಗ್ರೂಪ್‌ಗೂ ಬಂದಿರಬಹುದು. ಪ್ರವಾಹ, ಭೂಕುಸಿತದ ಸುದ್ದಿ ಬಂದಾಗ ಇಂಥವನ್ನು ಫಾರ್ವರ್ಡ್ ಮಾಡುವವರು ಒಳ್ಳೆಯ ಉದ್ದೇಶದಿಂದಲೇ ಮಾಡುತ್ತಾರೆ. ನಂಬಿ ಡಾಂಗಲ್ ಕೊಂಡವರಿಗೆ ಎಫ್ಎಂ, ವಿಮಾನದ ಪೈಲಟ್‌ಗಳ ಮಾತು, ಹವ್ಯಾಸಿ ರೇಡಿಯೋದವರ ಹರಟೆ ಎಲ್ಲವೂ ಕೇಳಿಸುತ್ತದೆ. ತಾವು ಮಾತಾಡಿದ್ದು ಮಾತ್ರ ಯಾರಿಗೂ ಕೇಳಿಸುವುದಿಲ್ಲ.

ಯಾಕೆ ಹೀಗೆ? ಸಾಫ್ಟ್‌ವೇರ್ ಡಿಫೈನ್ಡ್ ರೇಡಿಯೋ, ಅಂದರೆ ಎಸ್‌ಡಿಆರ್, ನಿಜವಾದ ತಂತ್ರಜ್ಞಾನವೇ. ಹಳೆಯ ರೇಡಿಯೋದಲ್ಲಿ ಕಾಯಿಲ್, ಕೆಪಾಸಿಟರ್‌ಗಳು ಮಾಡುತ್ತಿದ್ದ ಬಹುಪಾಲು ಕೆಲಸವನ್ನು ಇಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಮಾಡುತ್ತದೆ. ಅಗ್ಗದ ಡಾಂಗಲ್‌ನ ಒಳಗಿರುವುದು ಆರ್‌ಟಿಎಲ್2832ಯು ಎಂಬ ಚಿಪ್. ಕಂಪ್ಯೂಟರಿನಲ್ಲಿ ಡಿಜಿಟಲ್ ಟಿವಿ ನೋಡಲೆಂದು ಮಾಡಿದ್ದು. 2012ರ ಹೊತ್ತಿಗೆ ಹವ್ಯಾಸಿಗಳು ಇದನ್ನೇ ರೇಡಿಯೋ ಆಗಿ ಬಳಸಬಹುದೆಂದು ಕಂಡುಕೊಂಡರು. ಆದರೆ ಟಿವಿಗೆ ಸಿಗ್ನಲ್ ಹಿಡಿಯುವ ಕೆಲಸವಷ್ಟೇ ಇರುತ್ತದೆ, ಕಳಿಸುವ ಕೆಲಸ ಇರುವುದಿಲ್ಲ. ಹಾಗಾಗಿ ಇದಕ್ಕೆ ಕಿವಿ ಇದೆ, ಬಾಯಿಯೇ ಇಲ್ಲ. ಯಾವ ಆ್ಯಪ್ ಹಾಕಿದರೂ, ಎಷ್ಟು ಉದ್ದದ ಆಂಟೆನಾ ಕಟ್ಟಿದರೂ ಅದು ಮಾತಾಡುವುದಿಲ್ಲ.

ಕಳಿಸುವ ಶಕ್ತಿಯಿರುವ ಎಸ್‌ಡಿಆರ್‌ಗಳೂ ಇವೆ. ಹ್ಯಾಕ್‌ಆರ್‌ಎಫ್ ಒನ್, ಆಡಾಲ್ಮ್ ಪ್ಲೂಟೋ ಇವುಗಳಲ್ಲಿ ಹೆಸರಾದವು. ಬೆಲೆ ಎಷ್ಟೋ ಪಟ್ಟು ಹೆಚ್ಚು. ಅಷ್ಟು ಕೊಟ್ಟರೂ ಪ್ಲೂಟೋದಿಂದ ಹೊರಬರುವುದು ಸುಮಾರು 5 ಮಿಲಿವ್ಯಾಟ್. ಕೈಯಲ್ಲಿ ಹಿಡಿಯುವ ಹ್ಯಾಮ್ ವಾಕಿಟಾಕಿಯದು ಸಾಮಾನ್ಯವಾಗಿ 5 ವ್ಯಾಟ್, ಅಂದರೆ ಅದರ ಸಾವಿರ ಪಟ್ಟು. ಆದ್ದರಿಂದ ಪ್ಲೂಟೋದ ಮುಂದೆ ಆಂಪ್ಲಿಫೈಯರ್ ಬೇಕು, ಅನಗತ್ಯ ಸಿಗ್ನಲ್‌ಗಳನ್ನು ತಡೆಯಲು ಫಿಲ್ಟರ್ ಬೇಕು, ಸರಿಯಾದ ಆಂಟೆನಾ ಬೇಕು. ಸಮಸ್ಯೆಗಳು ಶುರುವಾಗುವುದೂ ಇಲ್ಲಿಂದಲೇ.

ಒಂದು ನಿಜವಾದ ಉದಾಹರಣೆ ನೋಡೋಣ. 2018ರ ನವೆಂಬರ್‌ನಲ್ಲಿ ಹಾರಿದ ಕತಾರ್‌ನ ಎಸ್‌ಹೇಲ್-2 ಉಪಗ್ರಹದಲ್ಲಿ ಹವ್ಯಾಸಿಗಳಿಗೆಂದೇ ಕ್ಯೂಒ-100 ಎಂಬ ವಿಭಾಗವಿದೆ. ಇದು ಭೂಸ್ಥಿರ ಉಪಗ್ರಹ, ಸದಾ ಒಂದೇ ಕಡೆ ನಿಂತಂತೆ ಕಾಣುತ್ತದೆ. ಬೆಂಗಳೂರಿನಿಂದ ನೋಡಿದರೆ ಪಶ್ಚಿಮ ದಿಕ್ಕಿನಲ್ಲಿ ಸುಮಾರು 30 ಡಿಗ್ರಿ ಎತ್ತರದಲ್ಲಿದೆ. 2400 ಮೆಗಾಹರ್ಟ್ಸ್‌ನಲ್ಲಿ ಕಳಿಸಿದ ಮಾತು 10,489 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ವಾಪಸ್ ಬರುತ್ತದೆ. ನಮ್ಮದೇ ದನಿ ಕಾಲು ಸೆಕೆಂಡ್ ತಡವಾಗಿ ನಮಗೇ ಕೇಳಿಸುತ್ತದೆ!

ಇಲ್ಲಿ ಹೊಸಬರ ಸಾಮಾನ್ಯ ದೂರು, “ಬೇರೆಯವರದ್ದೆಲ್ಲ ಸ್ಪಷ್ಟವಾಗಿದೆ, ಹಾಗಾದರೆ ನನ್ನ ಸೆಟಪ್ ಸರಿಯಾಗೇ ಇದೆ ಅಲ್ವಾ?” ಅಲ್ಲ. ಕೇಳುವ ದಾರಿ ಬೇರೆ, ಕಳಿಸುವ ದಾರಿ ಬೇರೆ. ಡಿಟಿಎಚ್ ಮಾದರಿಯ ಡಿಶ್, ಎಲ್‌ಎನ್‌ಬಿ ಚೆನ್ನಾಗಿದ್ದರೆ ಕೇಳಿಸುತ್ತದೆ. ಕಳಿಸುವ ಕೇಬಲ್, ಆಂಪ್ಲಿಫೈಯರ್, ಆಂಟೆನಾ ಹೇಗಿವೆ ಎಂಬುದಕ್ಕೆ ಅದರಿಂದ ಯಾವ ಸಾಕ್ಷಿಯೂ ಸಿಗುವುದಿಲ್ಲ.

ಹಾಗಾದರೆ ಎಲ್ಲಿಂದ ಹುಡುಕಬೇಕು?

ಡಿಶ್ ಕಡೆ ಓಡುವ ಮೊದಲು ಮೇಜಿನ ಮೇಲೆಯೇ ಪರೀಕ್ಷಿಸಿ. ಆಂಪ್ಲಿಫೈಯರ್ ತೆಗೆದುಬಿಡಿ. ಆಂಟೆನಾ ಬದಲು 50 ಓಮ್‌ನ ಡಮ್ಮಿ ಲೋಡ್ ಹಾಕಿ, ಆಗ ಸಿಗ್ನಲ್ ದೂರ ಹೋಗುವುದಿಲ್ಲ. ಫ್ರೀಕ್ವೆನ್ಸಿಯನ್ನು ತಾತ್ಕಾಲಿಕವಾಗಿ 435 ಮೆಗಾಹರ್ಟ್ಸ್‌ಗೆ ಇಳಿಸಿ. ಈಗ ಆ ಅಗ್ಗದ ಡಾಂಗಲ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ: ಅದನ್ನು ಕೆಲವು ಅಡಿ ದೂರದಲ್ಲಿಟ್ಟು ನಿಮ್ಮದೇ ಸಿಗ್ನಲ್ ಅನ್ನು ಸ್ಕ್ರೀನ್ ಮೇಲೆ ನೋಡಿ. ಎರಡನ್ನೂ ನೇರವಾಗಿ ಕೇಬಲ್‌ನಲ್ಲಿ ಜೋಡಿಸಬೇಡಿ, ಡಾಂಗಲ್ ಸುಟ್ಟುಹೋಗಬಹುದು.

ಟ್ರಾನ್ಸ್‌ಮಿಟ್ ಒತ್ತಿದರೂ ಏನೂ ಕಾಣದಿದ್ದರೆ ತೊಂದರೆ ಬಹುಮಟ್ಟಿಗೆ ಸಾಫ್ಟ್‌ವೇರ್‌ನದು. ಪ್ಲೂಟೋದಲ್ಲಿ ಒಂದು ವಿಚಿತ್ರವಿದೆ. ಗ್ನೂ ರೇಡಿಯೋ ಪ್ರೋಗ್ರಾಂನಲ್ಲಿ ಅದಕ್ಕೆ ಕೊಡುವ ಸಂಖ್ಯೆ ಪವರ್ ಅಲ್ಲ, ಅಟೆನ್ಯುಯೇಷನ್. ಅಂದರೆ ಸಿಗ್ನಲ್ ಅನ್ನು ಎಷ್ಟು ತಗ್ಗಿಸಬೇಕು ಎಂಬ ಲೆಕ್ಕ. ಸೊನ್ನೆ ಇಟ್ಟರೆ ಪೂರ್ತಿ ಪವರ್. ಹೋಗುತ್ತಿಲ್ಲವೆಂದು ಸಂಖ್ಯೆ ಏರಿಸುತ್ತಾ ಹೋದವರು ತಮ್ಮ ದನಿಯನ್ನು ತಾವೇ ಅದುಮಿದಂತಾಗುತ್ತದೆ.

ಸ್ಕ್ರೀನ್ ಮೇಲೆ ಸಣ್ಣ ಗೆರೆಯೊಂದು ಕಂಡು, ಮಾತಾಡಿದರೂ ಅದು ಬದಲಾಗದಿದ್ದರೆ? ರೇಡಿಯೋ ಆನ್ ಆಗಿದೆ, ದನಿ ಅದನ್ನು ತಲುಪುತ್ತಿಲ್ಲ. ಕಂಪ್ಯೂಟರ್ ಬೇರೆ ಮೈಕ್ ಆರಿಸಿಕೊಂಡಿರಬಹುದು, ಅಥವಾ ಪ್ರೋಗ್ರಾಂಗೆ ಮೈಕ್ ಅನುಮತಿ ಕೊಟ್ಟಿಲ್ಲದಿರಬಹುದು, ಮೊಬೈಲ್ ಆ್ಯಪ್‌ಗಳಲ್ಲಿ ಆಗುವ ಹಾಗೆಯೇ. ಮಾತು ತುಂಡುತುಂಡಾಗಿ ಹೋಗುತ್ತಿದ್ದರೆ ಕಂಪ್ಯೂಟರ್ ಸಾಕಷ್ಟು ವೇಗವಾಗಿ ಡೇಟಾ ಒದಗಿಸುತ್ತಿಲ್ಲ. ಸ್ಯಾಂಪಲ್ ರೇಟ್ ಇಳಿಸಿ ನೋಡಿ, ಯುಎಸ್‌ಬಿ ಹಬ್ ಬಿಟ್ಟು ನೇರ ಪೋರ್ಟ್‌ಗೆ ಹಾಕಿ.

ಮೇಜಿನ ಮೇಲೆ ಎಲ್ಲ ಸರಿಯಿದ್ದು ಉಪಗ್ರಹಕ್ಕೆ ಮಾತ್ರ ಹೋಗುತ್ತಿಲ್ಲವೇ? ಆಗ ಮೊದಲು ಅನುಮಾನಿಸಬೇಕಾದ್ದು ಫ್ರೀಕ್ವೆನ್ಸಿ. 2400 ಮೆಗಾಹರ್ಟ್ಸ್‌ನಲ್ಲಿ ಹತ್ತು ಲಕ್ಷಕ್ಕೆ ಒಂದು ಪಾಲು ತಪ್ಪಿದರೂ 2400 ಹರ್ಟ್ಸ್ ಆಚೀಚೆಯಾಗುತ್ತದೆ. ಅಲ್ಲಿ ಒಬ್ಬರ ಮಾತು ಹಿಡಿಯುವ ಜಾಗವೇ ಸುಮಾರು 2700 ಹರ್ಟ್ಸ್! ಎಸ್‌ಡಿಆರ್ ಬಿಸಿಯಾದಂತೆ ಈ ತಪ್ಪು ಜಾರುತ್ತಲೂ ಇರುತ್ತದೆ. ಎಷ್ಟೋ ಸಲ ಸಿಗ್ನಲ್ ಹೋಗಿಯೇ ಇರುತ್ತದೆ, ನಾವು ಹುಡುಕುತ್ತಿರುವ ಜಾಗದಲ್ಲಿ ಇರುವುದಿಲ್ಲ ಅಷ್ಟೇ.

ಇನ್ನು ಕೇಬಲ್. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಆರ್‌ಜಿ-58 ಕೇಬಲ್ ಈ ಫ್ರೀಕ್ವೆನ್ಸಿಯಲ್ಲಿ ಮೀಟರಿಗೆ ಸುಮಾರು 1 ಡೆಸಿಬೆಲ್ ತಿನ್ನುತ್ತದೆ. ಮನೆಯೊಳಗಿಂದ ತಾರಸಿಗೆ 10 ಮೀಟರ್ ಎಳೆದರೆ ನೂರರಲ್ಲಿ ತೊಂಬತ್ತು ಪಾಲು ದಾರಿಯಲ್ಲೇ ಮುಗಿಯಿತು. ಅದಕ್ಕೇ ಬಲ್ಲವರು ಆಂಪ್ಲಿಫೈಯರ್ ಅನ್ನು ಡಿಶ್ ಪಕ್ಕದಲ್ಲೇ ಕೂರಿಸುತ್ತಾರೆ. ಆಂಟೆನಾ ಸುತ್ತುವ ದಿಕ್ಕೂ ಮುಖ್ಯ. ಈ ಉಪಗ್ರಹಕ್ಕೆ ಬಲಸುತ್ತಿನ ಅಲೆ ಬೇಕು, ಆದರೆ ಡಿಶ್‌ಗೆ ಬಡಿದು ತಿರುಗುವಾಗ ಸುತ್ತು ಉಲ್ಟಾ ಆಗುತ್ತದೆ. ಹಾಗಾಗಿ ಡಿಶ್ ಮುಂದಿನ ಸ್ಪ್ರಿಂಗ್ ಆಕಾರದ ಹೆಲಿಕ್ಸ್ ಆಂಟೆನಾವನ್ನು ಎಡಸುತ್ತಾಗಿ ಸುತ್ತಬೇಕು. ಕನ್ನಡಿಯಲ್ಲಿ ಎಡಗೈ ಬಲಗೈ ಅದಲುಬದಲಾಗಿ ಕಾಣುವಂಥದ್ದೇ ಸಂಗತಿ.

ಟ್ರಾನ್ಸ್‌ಮಿಟ್ ಒತ್ತಿದ ಕ್ಷಣವೇ ಯುಎಸ್‌ಬಿ ಕಿತ್ತುಹೋದ ಸದ್ದು ಬಂದರೆ, ರೇಡಿಯೋ ಅಲೆ ಕೇಬಲ್ ಮೂಲಕ ವಾಪಸ್ ಕಂಪ್ಯೂಟರಿಗೇ ನುಗ್ಗುತ್ತಿರಬಹುದು, ಇಲ್ಲವೇ ಪವರ್ ಸಪ್ಲೈ ಕುಸಿಯುತ್ತಿರಬಹುದು. ಕೇಬಲ್‌ಗೆ ಫೆರೈಟ್ ಕ್ಲಿಪ್ ಹಾಕುವುದು ಅಗ್ಗದ ಮೊದಲ ಮದ್ದು.

ಹೋಗುತ್ತಿಲ್ಲ ಎಂದು ಪವರ್ ಏರಿಸುವುದಂತೂ ಕೆಟ್ಟ ಚಾಳಿ. ದನಿ ಒಡೆಯುತ್ತದೆ, ಸಿಗ್ನಲ್ ಅಗಲವಾಗಿ ಹರಡಿ ಅಕ್ಕಪಕ್ಕದವರ ಮಾತಿನ ಮೇಲೆ ಬೀಳುತ್ತದೆ. ಕ್ಯೂಒ-100ರಲ್ಲಿ ಇದಕ್ಕೆ ಕಾವಲುಗಾರನೇ ಇದ್ದಾನೆ, ಹೆಸರು ಲೈಲಾ. ಉಪಗ್ರಹದ ಬೀಕನ್ ಸಿಗ್ನಲ್‌ಗಿಂತ ನಿಮ್ಮದು ಜೋರಾದರೆ, ನಿಮ್ಮ ಜಾಗದಲ್ಲೇ ಸೈರನ್ ಊದುತ್ತದೆ. ಎಲ್ಲರಿಗೂ ಕೇಳಿಸುತ್ತದೆ!

ಮತ್ತೆ ಆ ಮೆಸೇಜ್ ವಿಷಯ. ಹ್ಯಾಮ್ ರೇಡಿಯೋ ವಿಪತ್ತಿನಲ್ಲಿ ನೆರವಾಗುವುದು ಸುಳ್ಳಲ್ಲ. 2004ರ ಸುನಾಮಿಯಲ್ಲಿ ಪೋರ್ಟ್ ಬ್ಲೇರ್‌ನಲ್ಲಿದ್ದ ಭಾರತಿ ಪ್ರಸಾದ್ ಮತ್ತು ಅವರ ತಂಡ ರೇಡಿಯೋ ಮೂಲಕ ಅಂಡಮಾನ್‌ನಿಂದ ಸಂದೇಶಗಳನ್ನು ದಾಟಿಸಿದರು. ಆದರೆ ಅವರು ಅನುಭವಿಗಳು, ಅವರ ಬಳಿ ಲೈಸೆನ್ಸ್ ಮತ್ತು ಪೂರ್ಣ ಪ್ರಮಾಣದ ರೇಡಿಯೋ ಇದ್ದವು. ಮೇಲೆ ಹೇಳಿದ ಹುಡುಕಾಟವನ್ನು ನೀರು ಮನೆಗೆ ನುಗ್ಗಿದ ದಿನ ಶುರುಮಾಡಲು ಆಗುವುದಿಲ್ಲ. ಡಾಂಗಲ್ ನಂಬಿ ಪವರ್ ಬ್ಯಾಂಕ್, ಟಾರ್ಚ್ ಮರೆತ ಮನೆಗೆ ಆ ಮೆಸೇಜ್‌ನಿಂದ ಹಾನಿಯೇ ಹೆಚ್ಚು.

ನಮ್ಮ ದೇಶದಲ್ಲಿ ಹವ್ಯಾಸಿ ಬ್ಯಾಂಡ್‌ಗಳಲ್ಲಿ ಮಾತು ಕಳಿಸಲು ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಲೈಸೆನ್ಸ್ ಕಡ್ಡಾಯ. ಯಾವ ಫ್ರೀಕ್ವೆನ್ಸಿ, ಎಷ್ಟು ಪವರ್ ಎಂಬುದು ಆ ಲೈಸೆನ್ಸ್ ಪ್ರಕಾರವೇ. ಇದಕ್ಕೆ ರೆಸ್ಟ್ರಿಕ್ಟೆಡ್, ಜನರಲ್ ಎಂಬ ಎರಡು ದರ್ಜೆಯ ಪರೀಕ್ಷೆಗಳಿವೆ. 12 ವರ್ಷ ತುಂಬಿದವರು ಬರೆಯಬಹುದು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್‌ನಂಥ ಸಂಸ್ಥೆಗಳು ತರಬೇತಿ ಕೊಡುತ್ತವೆ.