ಕೆಲಸ ಹಿಡಿಯುವ ಮೊದಲು, ಕೋರ್ಸ್ ಬಿಡುವ ಮೊದಲು

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. 2009ರಲ್ಲಿ ಹುಟ್ಟಿದ ಈ ವಿಶ್ವವಿದ್ಯಾಲಯ ಇಷ್ಟು ಹತ್ತಿರ ಇರುವುದರಿಂದ ಸಂಶೋಧನೆ, ಹೊರದೇಶದ ಓದು ಎಂಬ ಮಾತು ಆಳಂದ, ಅಫಜಲಪುರ, ಜೇವರ್ಗಿಯ ಮನೆಗಳಿಗೆ ಈಗ ದೂರದ್ದಲ್ಲ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಹೊರದೇಶದ ಓದಿಗೆ ರಾಜ್ಯದ ಪ್ರಬುದ್ಧ ಯೋಜನೆಯ ನೆರವಿದೆ. ಉಳಿದವರಲ್ಲಿ ಹಲವರು ಬ್ಯಾಂಕ್ ಸಾಲ ಮಾಡುತ್ತಾರೆ, ಕೆಲವರು ತೊಗರಿ ಬೆಳೆಯುವ ಹೊಲವನ್ನೇ ಅಡವಿಡುತ್ತಾರೆ. ದುಡ್ಡು ಹೊಂದಿಸಲು ಮನೆಮಂದಿಯೆಲ್ಲ ಓಡಾಡುತ್ತಾರೆ. ಅಲ್ಲಿ ಹೋದ ಮೇಲೆ ಕಾನೂನಿನ ಪ್ರಕಾರ ಉಳಿಯುವುದು ಹೇಗೆಂದು ಯಾರನ್ನು ಕೇಳಬೇಕು ಎಂಬುದು ಮಾತ್ರ ಬಹಳ ಮಂದಿಗೆ ತಿಳಿದಿಲ್ಲ.

ತೊಡಕು ಹೊರಡುವ ಮೊದಲೇ, ಹೆಸರಿನಿಂದ ಶುರುವಾಗುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಹೆಸರು, ಮನೆತನದ ಹೆಸರು ಎಲ್ಲ ಇರುತ್ತವೆ. ಆಧಾರ್‌ನಲ್ಲಿ ಒಂದೇ ಹೆಸರು. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ, ಇರುವ ಒಂದೇ ಹೆಸರು ಅಡ್ಡಹೆಸರಿನ ಜಾಗಕ್ಕೆ ಹೋಗುತ್ತದೆ. ಸ್ವಂತ ಹೆಸರಿನ ಜಾಗದಲ್ಲಿ, ಹೆಸರು ತಿಳಿದಿಲ್ಲ ಎಂಬರ್ಥದ ‘ಎಫ್‌ಎನ್‌ಯು’ ಅಚ್ಚಾಗುತ್ತದೆ. ಆಮೇಲೆ ಬ್ಯಾಂಕ್ ಖಾತೆಯಲ್ಲಿ, ಡ್ರೈವಿಂಗ್ ಲೈಸೆನ್ಸಿನಲ್ಲಿ ಅದನ್ನು ಸರಿಪಡಿಸಲು ಅಲೆಯಬೇಕು. ಕಲಬುರಗಿಯ ಪಾಸ್‌ಪೋರ್ಟ್ ಕೇಂದ್ರದ ಮೆಟ್ಟಿಲು ಹತ್ತುವ ಮೊದಲೇ ಎಲ್ಲ ದಾಖಲೆಗಳಲ್ಲೂ ಹೆಸರು ಒಂದೇ ಆಗಿರಲಿ.

ಅಮೆರಿಕದಲ್ಲಿ ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಪ್ರತಿ ವಿಶ್ವವಿದ್ಯಾಲಯವೂ ಡಿಎಸ್‌ಒ ಎಂಬ ಅಧಿಕಾರಿಯನ್ನು ನೇಮಿಸಲೇಬೇಕು. ಎಫ್-1 ಎಂಬ ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಐ-20 ಪತ್ರ ಕೊಡುವವರು ಇವರೇ. ‘ಸೆವಿಸ್’ ಎಂಬ ಸರ್ಕಾರಿ ಗಣಕ ವ್ಯವಸ್ಥೆಗೆ ವಿದ್ಯಾರ್ಥಿಯ ವಿವರ ಸೇರಿಸುವವರೂ ಇವರೇ. ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಯವರೆಗೆ ದುಡಿಯಬಹುದು. ಅನುಮತಿಯಿಲ್ಲದೆ ಹೊರಗೆ ಪೆಟ್ರೋಲ್ ಬಂಕಿನಲ್ಲೋ ಅಂಗಡಿಯಲ್ಲೋ ದುಡಿದರೆ ಅಲ್ಲಿರುವ ಹಕ್ಕೇ ಹೋಗುತ್ತದೆ. ಓದು ಕಷ್ಟವಾಯಿತೆಂದು ಒಂದು ಕೋರ್ಸ್ ಬಿಡುವುದು ನಮಗೆ ಸಣ್ಣ ವಿಷಯ. ಅಲ್ಲಿ ಡಿಎಸ್‌ಒ ಒಪ್ಪಿಗೆ ಮೊದಲೇ ಪಡೆಯದೆ ಪೂರ್ಣಾವಧಿ ಓದಿಗಿಂತ ಕೆಳಗಿಳಿದರೆ ಊರಿಗೆ ಮರಳಬೇಕಾದೀತು. ಮನೆ ಬದಲಿಸಿದರೆ 10 ದಿನದೊಳಗೆ ತಿಳಿಸಬೇಕು. ಓದು ಮುಗಿದ ಮೇಲೆ 12 ತಿಂಗಳು ಕೆಲಸದ ತರಬೇತಿ ಪಡೆಯುವ ಒಪಿಟಿ ಅನುಮತಿಗೂ ಇವರ ಶಿಫಾರಸು ಬೇಕು. ವಿಜ್ಞಾನ, ಎಂಜಿನಿಯರಿಂಗ್ ಓದಿದವರಿಗೆ ಇನ್ನೂ 24 ತಿಂಗಳು ಸಿಗಬಹುದು.

ಡಿಎಸ್‌ಒ ವಿದ್ಯಾರ್ಥಿಯ ವಕೀಲರಲ್ಲ. ನಿಯಮ ಮೀರಿದ್ದು ತಿಳಿದರೆ ವರದಿ ಮಾಡುವುದು ಅವರ ಕರ್ತವ್ಯ. ಆದ್ದರಿಂದ ಹೆಜ್ಜೆ ಇಡುವ ಮೊದಲು ಅವರನ್ನು ಕೇಳಬೇಕು. ತಪ್ಪು ಆಗಿಹೋಗಿದ್ದರೆ ವಲಸೆ ಕಾನೂನಿನ ವಕೀಲರನ್ನು ಕಾಣಬೇಕು.

ಏಜೆಂಟರ ಮಾತು ಬೇರೆ. ಹಲವರಿಗೆ ಕಾಲೇಜುಗಳಿಂದಲೇ ಕಮಿಷನ್ ಬರುತ್ತದೆ. ಬ್ರಿಟನ್ನಿನಲ್ಲಿ ಅರ್ಹತೆಯಿಲ್ಲದೆ ವಲಸೆ ಸಲಹೆ ಕೊಡುವುದು 1999ರ ಕಾನೂನಿನಡಿ ಅಪರಾಧ. ಕೆನಡಾದಲ್ಲಿ ದುಡ್ಡು ಪಡೆದು ಸಲಹೆ ಕೊಡಲು ಪರವಾನಗಿ ಬೇಕು. ಸೇರುವ ಸಂಸ್ಥೆ ಎಂಥದ್ದೆಂದೂ ನೋಡಬೇಕು. 2019ರ ಜನವರಿಯಲ್ಲಿ ಮಿಷಿಗನ್‌ನ ‘ಫಾರ್ಮಿಂಗ್‌ಟನ್ ವಿಶ್ವವಿದ್ಯಾಲಯ’ಕ್ಕೆ ಸೇರಿದ್ದ ಸುಮಾರು 130 ವಿದ್ಯಾರ್ಥಿಗಳ ಬಂಧನವಾಯಿತು. ಬಹುತೇಕ ಎಲ್ಲರೂ ಭಾರತೀಯರು. ಪಾಠವೇ ನಡೆಯದ ಆ ಸಂಸ್ಥೆಯನ್ನು ವೀಸಾ ವಂಚನೆ ಹಿಡಿಯಲು ಅಮೆರಿಕದ ವಲಸೆ ಇಲಾಖೆಯೇ ಕಟ್ಟಿತ್ತು. ನಿಯಮ ಮುರಿಯುತ್ತಿದ್ದೇವೆಂದು ವಿದ್ಯಾರ್ಥಿಗಳಿಗೆ ಗೊತ್ತಿತ್ತೆಂದು ಸರ್ಕಾರ ವಾದಿಸಿತು. ಶುಲ್ಕ ಕಳೆದುಕೊಂಡು ಕೋಳ ಹಾಕಿಸಿಕೊಂಡವರು ವಿದ್ಯಾರ್ಥಿಗಳು. ಇದನ್ನು ನಾನು ಅನ್ಯಾಯವೆಂದೇ ಎಣಿಸುತ್ತೇನೆ. ಸರ್ಕಾರವೇ ಬಲೆ ಹೆಣೆದಾಗಲೂ ದಂಡ ತೆತ್ತದ್ದು ಎಳೆಯರು.

ನಮ್ಮ ದೇಶಕ್ಕೆ ಓದಲು ಬರುವವರಿಗೂ ಇಂಥ ನಿಯಮಗಳಿವೆ. 180 ದಿನ ಮೀರಿದ ವಿದ್ಯಾರ್ಥಿ ವೀಸಾ ಇದ್ದವರು ಬಂದ 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ಹೆಸರು ಬರೆಸಬೇಕು. ಅವರನ್ನು ಸೇರಿಸಿಕೊಂಡ ಸಂಸ್ಥೆಯೂ ಸರ್ಕಾರಕ್ಕೆ ಮಾಹಿತಿ ಕೊಡಬೇಕು.

ಮಗಳನ್ನೋ ಮಗನನ್ನೋ ಹೊರದೇಶಕ್ಕೆ ಕಳಿಸುವ ತಂದೆತಾಯಿಗಳೇ, ಶುಲ್ಕ ಕಟ್ಟುವ ಮೊದಲು ಆ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಮಕ್ಕಳಿಂದಲೇ ಒಂದು ಇಮೇಲ್ ಬರೆಸಿ. ಆ ಕಚೇರಿಯ ಸಲಹೆಗೆ ದುಡ್ಡು ಕೊಡಬೇಕಿಲ್ಲ. ಪತ್ರಕ್ಕೆ ಉತ್ತರವೇ ಬಾರದಿದ್ದರೆ ದುಡ್ಡು ಕಟ್ಟಬೇಡಿ.