ಬುದ್ಧಿಹಲ್ಲು ಕೀಳಿಸುವಾಗ ಮಂಪರು ಬೇಕೇ?

ಮರಾಠಿಗರ ಅಕ್ಕಲದಾಢ, ತಮಿಳರ ಜ್ಞಾನಪ್ಪಲ್, ನಮ್ಮ ಬುದ್ಧಿಹಲ್ಲು – ಹೆಸರೇನೇ ಇರಲಿ, ಇದು ಮೂಡುವುದು ಸಾಮಾನ್ಯವಾಗಿ 17ರಿಂದ 25ರ ವಯಸ್ಸಿನಲ್ಲಿ. ಓದಿಗೋ ಕೆಲಸಕ್ಕೋ ಊರು ಬಿಟ್ಟು ಬಂದ ಹೊತ್ತಿನಲ್ಲೇ! ಕೀಳಿಸಬೇಕೆಂದರೆ ಭಯ ಸಹಜ. ಮುಖ್ಯ ಆಯ್ಕೆಗಳು ನಾಲ್ಕು.

ಹೆಚ್ಚಿನವರಿಗೆ ಬಾಯೊಳಗೆ ಕೊಡುವ ಮರಗಟ್ಟಿಸುವ ಇಂಜೆಕ್ಷನ್ ಒಂದೇ ಸಾಕು. ಎಚ್ಚರವಿರುತ್ತದೆ, ಒತ್ತಿದ್ದು, ಎಳೆದದ್ದು ಗೊತ್ತಾಗುತ್ತದೆ. ನೋವೆನಿಸಿದರೆ ಕೈಯೆತ್ತಿ, ಇನ್ನಷ್ಟು ಕೊಡುತ್ತಾರೆ. ಮಂಪರು ಮುಖ್ಯವಾಗಿ ತಗ್ಗಿಸುವುದು ಭಯವನ್ನು. ಆದ್ದರಿಂದ ಮಂಪರು ಕೊಟ್ಟರೂ ಈ ಇಂಜೆಕ್ಷನ್ ತಪ್ಪುವುದಿಲ್ಲ.

ಎರಡನೆಯದು, ಮೂಗಿನ ಮಾಸ್ಕ್‌ನಿಂದ ಕೊಡುವ ನೈಟ್ರಸ್ ಆಕ್ಸೈಡ್. ಇದರ ಗುಂಗು ನಿಮಿಷಗಳಲ್ಲೇ ಇಳಿಯುತ್ತದೆ. ಮೂರನೆಯದು, ರಕ್ತನಾಳಕ್ಕೆ ಕೊಡುವ ಮಿಡಜೋಲಮ್. ತೂಕಡಿಕೆ ಬರುತ್ತದೆ, ನಡೆದದ್ದು ಅಷ್ಟಾಗಿ ನೆನಪಿರುವುದಿಲ್ಲ. ನಾಲ್ಕನೆಯದು ಪೂರ್ಣ ಅರಿವಳಿಕೆ. ಹಲ್ಲು ಮೂಳೆಯಲ್ಲಿ ಆಳವಾಗಿ ಹುದುಗಿದ್ದರೆ, ಆಸ್ಪತ್ರೆಯಲ್ಲಿ, ಅರಿವಳಿಕೆ ತಜ್ಞರಿಂದ.

ಕೊನೆಯ ಎರಡಕ್ಕೂ ಮನೆಗೆ ಕರೆದೊಯ್ಯಲು ಜೊತೆಗೊಬ್ಬರು ಬೇಕೇ ಬೇಕು. 24 ಗಂಟೆ ಬೈಕ್ ಮುಟ್ಟುವಂತಿಲ್ಲ. ಪಿ.ಜಿ.ಯಲ್ಲಿ ಒಬ್ಬರೇ ಇದ್ದರೆ ಗೆಳೆಯರಿಗೆ ರಜೆಯಿರುವ ದಿನವನ್ನೇ ಗೊತ್ತುಮಾಡಿ.

ವೈದ್ಯರನ್ನು ಕೇಳಿ: ಮಂಪರು ಕೊಡುವವರು ಯಾರು? ಉಸಿರಾಟ, ಆಕ್ಸಿಜನ್ ಗಮನಿಸುವವರು ಯಾರು? ಎಷ್ಟು ಹೊತ್ತು ಉಪವಾಸ? ಆಸ್ತಮಾ, ಜೋರು ಗೊರಕೆ, ಗರ್ಭ, ಕುಡಿತ, ನುಂಗುವ ಮಾತ್ರೆ – ಯಾವುದನ್ನೂ ಮುಚ್ಚಿಡಬೇಡಿ.