ಸಹಿ ಹಾಕೋ ಮುಂಚೆ, ಮನೆಗೆ ಹೊರಡೋ ಮುಂಚೆ

ರಾತ್ರಿ ಹೊನ್ನಾಳಿಯಿಂದ ಹೊರಟ ಆಂಬುಲೆನ್ಸ್ ಹೆಚ್ಚಾಗಿ ಹಿಡಿಯೋದು ಎರಡೇ ದಾರಿ: ದಾವಣಗೆರೆ, ಇಲ್ಲ ಶಿವಮೊಗ್ಗ. ಖಾಸಗಿ ಆಸ್ಪತ್ರೆ ಕೌಂಟರ್‌ನಲ್ಲಿ ಮೊದಲ ಮಾತು, "ಅಡ್ವಾನ್ಸ್ ಕಟ್ಟಿ."

ತಡೀರಿ. ತುರ್ತು ಸ್ಥಿತಿಯಲ್ಲಿ ಚಿಕಿತ್ಸೆ ಮೊದಲು, ದುಡ್ಡು ಆಮೇಲೆ. ಇದು ಯಾರದೋ ದಯೆ ಅಲ್ಲ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ. 2017ರಲ್ಲಿ ತಿದ್ದುಪಡಿ ವಿರೋಧಿಸಿ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು ನೆನಪಿದೆಯಾ? ಅದೇ ಕಾಯ್ದೆ. ರೋಗಿಗಳ ಹಕ್ಕು ಹೇಳೋ ಸನ್ನದು ಅದಕ್ಕೆ ಸೇರಿದ್ದು ಆಗಲೇ.

ಸಹಿಗೆ ಮುಂಚೆ ಕೇಳಿ: ಏನು ಕಾಯಿಲೆ, ಏನು ಚಿಕಿತ್ಸೆ, ಬೇರೆ ದಾರಿ ಇದೆಯಾ, ಅಂದಾಜು ಖರ್ಚೆಷ್ಟು? ಕನ್ನಡದಲ್ಲೇ ಕೇಳಿ. ಓದಲಾಗದ ಇಂಗ್ಲಿಷ್ ಫಾರಂಗೆ ಹೆಬ್ಬೆಟ್ಟು ಒತ್ತಿದರೆ ಅದು ಒಪ್ಪಿಗೆ ಹೇಗಾಗುತ್ತೆ?

ಹೊರಡುವಾಗ ಬಿಡಿಬಿಡಿ ಬಿಲ್, ಡಿಸ್ಚಾರ್ಜ್ ಸಮ್ಮರಿ. ಪೂರ್ತಿ ಕೇಸ್ ಶೀಟ್ ಬೇಕಾ? ಬರೆದು ಕೊಡಿ, ವೈದ್ಯಕೀಯ ಮಂಡಳಿಯ 2002ರ ನಿಯಮದಂತೆ 72 ಗಂಟೆಯೊಳಗೆ ಸಿಗಬೇಕು. ಜೀವವೇ ಹೋಗಿದ್ದರೆ, ಬಾಕಿ ತೋರಿಸಿ ಶವ ಹಿಡಿದಿಡುವಂತಿಲ್ಲ.

ಕೊಡಲಿಲ್ಲವಾ? ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರಕ್ಕೆ ದೂರು ಕೊಡಿ. ನಮ್ಮವರು ಎಡವೋದು ಇಲ್ಲೇ: ಹೊನ್ನಾಳಿ ದಾವಣಗೆರೆ ಜಿಲ್ಲೆಯದು, ಸರಿ. ಆದರೆ ಆಸ್ಪತ್ರೆ ಶಿವಮೊಗ್ಗದ್ದಾದರೆ ಅರ್ಜಿ ಹೋಗಬೇಕಾದ್ದು ಶಿವಮೊಗ್ಗಕ್ಕೆ.